ವಾಪಸು ಹೋದ ಹಸಿರು ಉಡುಪು

ಅಜ್ಜಿಯ ಎಂಬತ್ತನೆಯ ಹುಟ್ಟುಹಬ್ಬದ ಊಟಕ್ಕೆ ತೊಟ್ಟಿದ್ದ ಹಸಿರು ಉಡುಪನ್ನು ಬ್ರಯನಿ ಸೋಮವಾರ ಬೆಳಿಗ್ಗೆ ಮಡಿಸಿ ಚೀಲಕ್ಕೆ ತುಂಬಿದಳು. ಅದನ್ನು ಕೊಂಡಿದ್ದ ಆ್ಯಪಿನಲ್ಲಿ ‘ಒಮ್ಮೆಯೂ ತೊಟ್ಟಿಲ್ಲ’ ಎಂಬಲ್ಲಿ ಬೆರಳೊತ್ತಿ, ವಾಪಸು ಮಾಲು ತೆಗೆದುಕೊಳ್ಳುವ ಮೂಲೆಯಂಗಡಿಯಲ್ಲಿ ಚೀಲ ಕೊಟ್ಟು ಕೆಲಸಕ್ಕೆ ಹೋದಳು. ಮುಂದಿನ ವಾರ ದುಡ್ಡು ಪೂರ್ತಿ ವಾಪಸು ಬಂತು.

ಹೇವುಡ್ ಊರಿನ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಬಾಗಿಲ ಬಳಿ ಕೂತು ರೋಗಿಗಳ ಹೆಸರು ಕೂಗುವುದು ಅವಳ ಕೆಲಸ. ವಯಸ್ಸು ಇಪ್ಪತ್ತೆರಡು. ಮಿಕ್ಕ ಹೊತ್ತಿನಲ್ಲಿ ಪುಟ್ಟ ಪುಟ್ಟ ವಿಡಿಯೋ ಮಾಡಿ ಫೋನಿನಲ್ಲಿ ಹಾಕುತ್ತಿದ್ದಳು. ಒಂದೇ ಲಂಗವನ್ನು ಮೂರು ಬಗೆಯಲ್ಲಿ ತೊಡುವುದು ಹೇಗೆ, ಯಾವ ಆ್ಯಪಿನಲ್ಲಿ ಯಾವ ವಾರ ಬೆಲೆ ಇಳಿಯುತ್ತದೆ, ಹಳೆಯ ಸ್ಕಾರ್ಫನ್ನು ಕಟ್ಟುವ ಬಗೆ ಯಾವುದು. ಊರಿನ ಹುಡುಗಿಯರು ಅವಳ ಮಾತು ಕೇಳುತ್ತಿದ್ದರು. ಅವಳು ಶೋಕಿಗೆ ಮಾತ್ರ ಇದನ್ನು ಮಾಡುತ್ತಿದ್ದಳು ಅಂದರೆ ಅನ್ಯಾಯವಾದೀತು. ಶಾಲೆಯಲ್ಲಿ ಸಮವಸ್ತ್ರ ಬೇಡ ಎಂಬ ದಿನ ಬಂದಾಗಲೆಲ್ಲ, ಹೋದ ಸಲ ತೊಟ್ಟ ಸ್ವೆಟರನ್ನೇ ಮತ್ತೆ ತೊಡಬೇಕಲ್ಲ ಎಂದು ಹೊಟ್ಟೆನೋವಿನ ನೆಪ ಹೇಳಿ ಮನೆಯಲ್ಲಿ ಮಲಗಿದ ಹುಡುಗಿ ಅವಳು. ಬಡವರ ಮನೆಯ ಹುಡುಗಿಗೂ ಚೆಂದ ಕಾಣುವ ಹಕ್ಕಿದೆ ಎಂದು ಅವಳು ನಂಬಿದ್ದಳು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಆ ವಿಡಿಯೋಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ನೋಡಿದ್ದು ಒಂದನ್ನು. ಬೆಲೆಯ ಚೀಟಿಯನ್ನು ಕೀಳದೆ ಉಡುಪಿನ ಕತ್ತಿನ ಒಳಗೆ ಪಿನ್ನು ಹಾಕಿ ಮಡಿಸಿಡಿ. ಸೆಂಟು ಹಾಕಬೇಡಿ. ಮುಟ್ಟಿನ ದಿನಗಳಿಗೆಂದು ಸಿಗುವ ತೆಳು ಪ್ಯಾಡನ್ನು ಎರಡು ತುಂಡು ಮಾಡಿ ಉಡುಪಿನ ಒಳಗೆ ಕಂಕುಳಿಗೆ ಅಂಟಿಸಿ, ಬೆವರು ಬಟ್ಟೆಗೆ ಇಳಿಯುವುದಿಲ್ಲ. ತೊಟ್ಟು ಮೆರೆದು, ಪ್ಯಾಡು ಕಿತ್ತು, ವಾಪಸು ಕಳಿಸಿ.

ಹಸಿರು ಉಡುಪಿನ ಎಡಗಡೆಯ ಪ್ಯಾಡನ್ನು ಅವಳು ಕಿತ್ತಿದ್ದಳು. ಬಲಗಡೆಯದು ಮರೆತುಹೋಗಿತ್ತು.

ಅವಳ ತಾಯಿ ಗೇನರ್ ಊರಾಚೆಯ ದೊಡ್ಡ ಗೋಡೌನಿನಲ್ಲಿ ಕೆಲಸ ಮಾಡುತ್ತಿದ್ದಳು. ಏನು ಕೆಲಸ ಎಂದು ಕೇಳಿದವರಿಗೆ ‘ಗುಣಮಟ್ಟ ವಿಭಾಗ’ ಎನ್ನುತ್ತಿದ್ದಳು. ಮನೆಯಲ್ಲೂ ಅಷ್ಟೇ ಹೇಳಿದ್ದಳು, ಯಾರೂ ಮುಂದೆ ಕೇಳಿರಲಿಲ್ಲ. ಹತ್ತಾರು ಆ್ಯಪುಗಳಿಂದ ವಾಪಸು ಬಂದ ಬಟ್ಟೆಯೆಲ್ಲ ಆ ಗೋಡೌನಿನ ಓಡುವ ಬೆಲ್ಟಿನ ಮೇಲೆ ಸಾಲಾಗಿ ಬರುತ್ತದೆ. ಒಂದೊಂದು ಮೇಜಿಗೆ ಇಬ್ಬರು ಹೆಂಗಸರು. ಒಬ್ಬಳು ಚೀಲ ತೆರೆದು, ಬಟ್ಟೆ ಕೊಡವಿ, ಕತ್ತಿನಲ್ಲಿ ಪೌಡರು ಲಿಪ್‌ಸ್ಟಿಕ್ಕು ಮೆತ್ತಿದೆಯೇ ಎಂದು ನೋಡಿ, ಮೂಗನ್ನು ಕಂಕುಳಿಗಿಟ್ಟು ಮೂಸಿ, ಸರಿ ಅಥವಾ ಸರಿಯಿಲ್ಲ ಎಂದು ಹೇಳಬೇಕು. ಇನ್ನೊಬ್ಬಳು ಅದಕ್ಕೆ ಹಬೆಯ ಇಸ್ತ್ರಿ ಹೊಡೆದು, ಮಡಿಸಿ, ಹೊಸ ಚೀಲಕ್ಕೆ ಹಾಕಿ ತನ್ನ ನಂಬರಿನ ಚೀಟಿ ಅಂಟಿಸಬೇಕು. ಮೂಸುವವಳಿಗೆ ನಂಬರಿಲ್ಲ. ಕಳಿಸಿದವರ ಹೆಸರೂ ಇವರಿಗೆ ಬರುವುದಿಲ್ಲ, ಬಾರ್‌ಕೋಡಿನ ಗೆರೆಗೆರೆಯ ಗುರುತು ಮಾತ್ರ. ಒಮ್ಮೆ ಸರಿ ಎಂದು ಮೇಜು ದಾಟಿದ ಮೇಲೆ, ಗಿರಾಕಿಯ ಬೆವರಿಗೆ ಗಿರಾಕಿಯನ್ನು ಯಾರೂ ಹೊಣೆ ಮಾಡುವುದಿಲ್ಲ.

ಗೇನರ್ ಮೂಸುತ್ತಿದ್ದಳು. ಎದುರಿಗೆ ನಿಂತು ಮಡಿಸುತ್ತಿದ್ದವಳು ರೊಮೇನಿಯಾದ ವಿಯೋರಿಕಾ.

ಆ ಗುರುವಾರ ಹಸಿರು ಉಡುಪು ಗೇನರಳ ಕೈಗೆ ಬಂತು. ಆ ಬಣ್ಣದ ಅಂಥ ಉಡುಪು ದಿನಕ್ಕೆ ಎಷ್ಟೋ ಬರುತ್ತಿದ್ದವು. ಅವಳು ಯೋಚಿಸದೆ ಮುಖಕ್ಕೆ ಹಿಡಿದಳು. ಹುರಿದ ಬೇಕನ್ ಹಂದಿಮಾಂಸದ ಕೊಬ್ಬಿನ ವಾಸನೆ. ಮಂಡಿಗೆ ತಿಕ್ಕುವ ಮುಲಾಮು. ಅವಳ ಮನೆಯಲ್ಲಿ ಬಟ್ಟೆ ಒಣಗಿಸುವ ಕೋಲುಗಳು ಅಡುಗೆಮನೆಯ ಸೂರಿಗೇ ಹಗ್ಗದಲ್ಲಿ ತೂಗುತ್ತಿದ್ದವು, ಅಲ್ಲಿ ನೇತುಹಾಕಿದ ಯಾವ ಬಟ್ಟೆಯೂ ಬಾಣಲೆಯ ವಾಸನೆಯಿಂದ ತಪ್ಪಿಸಿಕೊಂಡದ್ದಿಲ್ಲ. ಮುಲಾಮು ಅವಳ ತಾಯಿಯದು. ಹುಟ್ಟುಹಬ್ಬದ ದಿನ ಮುದುಕಿ ಮೊಮ್ಮಗಳನ್ನು ತಬ್ಬಿಕೊಂಡು ಬಿಡದೆ ಅತ್ತಿದ್ದಳು. ಪಕ್ಕದಲ್ಲಿ ನಿಂತಿದ್ದ ಗೇನರ್, ಮಗಳು ಸ್ವಂತ ದುಡಿಮೆಯಲ್ಲಿ ಎಂಥ ಉಡುಪು ಕೊಂಡಿದ್ದಾಳೆ ನೋಡಿ ಎಂದು ಊಟ ನಡೆದ ಕ್ಲಬ್ಬಿನಲ್ಲಿದ್ದವರಿಗೆಲ್ಲ ತೋರಿಸಿದ್ದಳು.

ಅವಳ ಕೈ ನಿಂತದ್ದನ್ನು ಕಂಡು ಏನಾಯಿತೆಂದು ವಿಯೋರಿಕಾ ಕೇಳಿದಳು. ಗೇನರ್ ಬಲ ತೋಳನ್ನು ನೋಡಲಿಲ್ಲ, ಒಳಗನ್ನು ತಿರುಗಿಸಲೂ ಇಲ್ಲ. ಬೆಂಕಿ ಮುಟ್ಟಿದವಳ ಹಾಗೆ ಅದನ್ನು ಮೇಜಿನಾಚೆ ತಳ್ಳಿ, "ಸರಿ ಇದೆ" ಅಂದಳು. ವಿಯೋರಿಕಾ ಅವಳ ಮಾತು ನಂಬಿ ಮಡಿಸಿ ತನ್ನ ಚೀಟಿ ಅಂಟಿಸಿದಳು.

ಭಾನುವಾರ ಮಧ್ಯಾಹ್ನ ಮನೆಯವರೆಲ್ಲ ಮೇಜಿಗೆ ಕೂತಾಗ ಹಸಿರು ಉಡುಪಿನ ಮಾತೆತ್ತಿದ್ದು ಅಜ್ಜಿ ಬೆರಿಲ್. ಅಡುಗೆ ಅಪ್ಪ ನೀಲ್‌ನದು. ಹೆಂಚು ಹೊದಿಸುವ ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಒಲೆಯ ಮುಂದಿನ ಸ್ಟೂಲೇ ಅವನ ಜಾಗ. ಕೋಳಿ, ಬಟಾಣಿ, ಒಲೆಯಲ್ಲಿ ಕೆಂಪಗೆ ಬೆಂದ ಆಲೂಗಡ್ಡೆ. ಆ ಡ್ರೆಸ್ಸನ್ನು ಇವತ್ತೂ ಹಾಕಬಾರದಿತ್ತೇ ಎಂದು ಅಜ್ಜಿ ಕೇಳಿದಳು. ಅದು ವಾಪಸು ಹೋಯಿತೆಂದು ಬ್ರಯನಿ ಹೇಳಿದಳು.

"ಹರಿದಿತ್ತಾ?"

"ಇಲ್ಲ ಅಜ್ಜಿ. ಅದರ ಕೆಲಸ ಮುಗೀತು, ಕಳಿಸ್ದೆ."

ಹದಿನೈದರ ವಯಸ್ಸಿನಿಂದ ಹೊಲಿಗೆ ಕಾರ್ಖಾನೆಯಲ್ಲಿ ಕಾಲರ್ ಹೊಲಿದವಳು ಬೆರಿಲ್. ಅವಳು ಚಮಚ ಕೆಳಗಿಟ್ಟಳು. "ಹಾಕ್ಕೊಂಡು ಕುಣಿದು, ಆಮೇಲೆ ಬೇಡ ಅಂದ್ರೆ ಅಂಗಡಿಯೋನು ಸುಮ್ನಿರ್ತಾನಾ?"

"ಅಂಗಡಿಯೋನು ಅಂತ ಯಾರೂ ಇಲ್ಲ. ಆ್ಯಪು ಇರೋದು."

"ಹಂಗಾದ್ರೆ ನೀನು ಬಿಚ್ಚಿ ಬಿಸಾಕಿದ್ದನ್ನ ಕೈಯಲ್ಲಿ ಎತ್ತೋರು ಯಾರೆ?"

"ಗೋಡೌನಲ್ಲಿ ಯಾರೋ ಎತ್ತಿಡ್ತಾರೆ. ಸಾಹುಕಾರ್ರ ಮನೆ ಹೆಂಗಸ್ರು ಒಂದು ಸಲ ಹಾಕಿ ಬೀರೂಲಿ ನೇತುಹಾಕ್ತಾರೆ, ಅವರನ್ನ ಯಾರೂ ಕೇಳಲ್ಲ. ನಾನೂ ಒಂದು ಸಲ ಹಾಕ್ತೀನಿ. ಅವರ ಬೀರು ಮನೇಲಿದೆ, ನಂದು ಗೋಡೌನಲ್ಲಿದೆ. ಅಷ್ಟೇ."

ನೀಲ್ ನಕ್ಕುಬಿಟ್ಟ. ಮಗಳು ಲಾಯರಾಗಬೇಕಿತ್ತು ಅಂದ. ನಿಮ್ಮ ಕಾಲದ ಹಾಗೆ ಒಂದೇ ಕೋಟಿನಲ್ಲಿ ಮದುವೆಗೂ ಮಸಣಕ್ಕೂ ಹೋಗುವುದು ನನ್ನಿಂದಾಗದು ಎಂದು ಬ್ರಯನಿ ಅಜ್ಜಿಗೆ ಚುಚ್ಚಿದಳು. ಆ ಕೋಟು ಇನ್ನೂ ಗಟ್ಟಿಯಾಗಿದೆ, ನೀನು ಹಾಕಿದ್ದು ಭಾನುವಾರದಿಂದ ಸೋಮವಾರಕ್ಕೆ ಬಾಳಲಿಲ್ಲ ಎಂದು ಅಜ್ಜಿ ತಿರುಗಿಸಿ ಕೊಟ್ಟಳು. ಗೇನರ್ ಮಾತ್ರ ತಟ್ಟೆಯಿಂದ ತಲೆ ಎತ್ತಲಿಲ್ಲ. ನೀನೇನಂತೀಯ ಎಂದು ಮಗಳು ಕೇಳಿದಾಗ, ಆಲೂಗಡ್ಡೆ ಯಾರಿಗೆ ಬೇಕು ಅಂದಳು.

ಅದಾಗಿ ಎರಡು ವಾರಕ್ಕೆ ಆ ಫೋಟೋ ಬಂತು. ಯಾವುದೋ ಊರಿನ ಹೆಂಗಸೊಬ್ಬಳು ಹೊಸದೆಂದು ಕೊಂಡ ಹಸಿರು ಉಡುಪಿನ ಕಂಕುಳಲ್ಲಿ ಹಳದಿಗಟ್ಟಿದ ಪ್ಯಾಡಿನ ತುಂಡೊಂದು ಅಂಟಿತ್ತು. ಅವಳು ಅದನ್ನು ಚಿತ್ರ ತೆಗೆದು ಹಾಕಿದ್ದಳು. ದೇಶವೆಲ್ಲ ನೋಡಿ ಹೇಸಿಕೊಂಡು ನಗುತ್ತಿತ್ತು. ಸಂಜೆ ಟೋಸ್ಟಿನ ಮೇಲೆ ಬೀನ್ಸ್ ಸುರಿದುಕೊಂಡು ತಿನ್ನುತ್ತಿದ್ದಾಗ ಬ್ರಯನಿ ಅದನ್ನು ಎಲ್ಲರಿಗೂ ತೋರಿಸಿದಳು.

"ಯಾವ ಕೊಳಕಿಯೋ ಏನೋ. ತೆಗೆಯೋದಕ್ಕೂ ಬರಲ್ಲ," ಎಂದು ನಗುತ್ತ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿದಳು. ತುಂಡಿನ ಅಂಚು ನೇರವಾಗಿರಲಿಲ್ಲ, ಸಾಲು ಹಲ್ಲಿನ ಹಾಗೆ ಏರಿಳಿದಿತ್ತು. ಅಜ್ಜಿಯ ಹೊಲಿಗೆ ಡಬ್ಬಿಯ ಜಿಗ್‌ಜಾಗ್ ಕತ್ತರಿಯಿಂದ ಕತ್ತರಿಸಿದ ಅಂಚು. ಕೈಗೆ ಬೇರೆ ಕತ್ತರಿ ಸಿಕ್ಕದೆ ತಾನೇ ಕತ್ತರಿಸಿದ್ದು. ಅವಳ ನಗು ಅಲ್ಲೇ ನಿಂತಿತು. ಫೋನನ್ನು ಮಗುಚಿ ಇಟ್ಟಳು. ಗೇನರ್ ಎದ್ದು ಹೋಗಿ, ಆಗಲೇ ತೊಳೆದಿದ್ದ ಬಾಣಲೆಯನ್ನು ಮತ್ತೆ ತೊಳೆಯತೊಡಗಿದಳು.

ಶುಕ್ರವಾರ ಮೀನು ಮತ್ತು ಚಿಪ್ಸನ್ನು ಕಾಗದದಲ್ಲೇ ಬಿಡಿಸಿ ತಿನ್ನುವುದು ಆ ಮನೆಯ ರೂಢಿ. ಮರುದಿನ ಶುಕ್ರವಾರ, ಗೇನರ್ ತನ್ನದನ್ನು ಬಿಡಿಸಲಿಲ್ಲ.

"ಇವತ್ತು ವಿಯೋರಿಕಾನ ಕಳಿಸಿಬಿಟ್ರು."

ಯಾಕೆಂದು ನೀಲ್ ಕೇಳಿದ.

"ನೆನ್ನೆ ಇವಳು ತೋರಿಸಿ ನಗ್ತಿದ್ಲಲ್ಲ, ಆ ಫೋಟೋಗೆ. ಚೀಲದ ಮೇಲೆ ಅವಳ ನಂಬರಿತ್ತು."

ಬ್ರಯನಿ ಕೈಲಿದ್ದ ಚಿಪ್ಸನ್ನು ಕಾಗದಕ್ಕೆ ಹಾಕಿದಳು. "ಅದು ನಿಮ್ಮ ಗೋಡೌನಿಂದ ಹೋಗಿದ್ದಾ?"

"ನನ್ನ ಮೇಜಿಂದ ಹೋಗಿದ್ದು."

"ನೀನು ಗುಣಮಟ್ಟ ವಿಭಾಗ ಅಂದಿದ್ದೆ."

"ಕಂಕುಳು ಮೂಸೋದಕ್ಕೆ ಅಲ್ಲಿ ಹಂಗಂತಾರೆ," ಎಂದಳು ಗೇನರ್. "ನಾಲ್ಕು ವರ್ಷದಿಂದ ಕಂಡೋರ ಕಂಕುಳು ಮೂಸ್ತಿದೀನಿ. ಹೇಳ್ಕೊಳೋ ಕೆಲಸಾನಾ ಅದು? ಅವತ್ತು ನಿಂದು ಬಂತು. ನಮ್ಮ ಅಡುಗೆಮನೆ ವಾಸನೆ, ನಿಮ್ಮಜ್ಜಿ ಮುಲಾಮಿನ ವಾಸನೆ. ನಂಗೆ ಗೊತ್ತಾಗದೆ ಇರುತ್ತಾ?"

ಬ್ರಯನಿಯ ಕಿವಿಯಿಂದ ಕತ್ತಿನವರೆಗೂ ಕೆಂಪೇರಿತು. ತನ್ನ ಮೈಯ ಹೊಲಸನ್ನು ಎತ್ತಿಡುವ ‘ಯಾರೋ’ ಒಬ್ಬರು ಇದ್ದರಲ್ಲ, ಆ ಯಾರೋ ಎದುರಿಗೆ ಕೂತಿದ್ದಳು. ಅವಳ ಮೂಗಿನ ತುದಿ ಸದಾ ಕೆಂಪಗೆ ಸುಲಿದಿರುತ್ತಿದ್ದುದು ನೆಗಡಿಯಿಂದ ಎಂದು ಮನೆಯವರೆಲ್ಲ ತಿಳಿದಿದ್ದರು.

ಬೆರಿಲ್ ಮಗಳ ಕಡೆ ತಿರುಗಿದಳು. "ಗೊತ್ತಿದ್ದೂ ಯಾಕೆ ಸರಿ ಅಂದೆ?"

"ಸರಿಯಿಲ್ಲ ಅಂದಿದ್ರೆ ದುಡ್ಡು ತಡೆದು, ‘ನೀವು ತೊಟ್ಟಿದ್ದು’ ಅಂತ ಬರೆದು ಮನೆಗೆ ಕಳಿಸ್ತಿದ್ರು. ಇವಳ ಮರ್ಯಾದೆ ಹೋಗುತ್ತೆ ಅಂದ್ಕೊಂಡೆ."

"ಈಗ ಉಳೀತಾ?"

ನೀಲ್ ನಡುವೆ ಬಾಯಿ ಹಾಕಿದ. ಆದದ್ದು ಆಯಿತು, ಇನ್ನು ಈ ವಿಷಯ ಈ ಬಾಗಿಲು ದಾಟಬಾರದು ಅಂದ. ತಾನು ಕೂತುಬಿಟ್ಟಿರುವ ಮನೆಯಲ್ಲಿ ಗೇನರಳ ಕೆಲಸವೂ ಹೋದರೆ ಒಲೆ ಹತ್ತುವುದು ಹೇಗೆಂದು ಕೇಳಿದ. ಮಗಳ ಪುಟದಿಂದ ಹಸಿರು ಉಡುಪಿನ ಚಿತ್ರಗಳನ್ನೆಲ್ಲ ತೆಗೆಯಲು ಹೇಳಿದ. "ವಿಯೋರಿಕಾಗಿನ್ನೂ ವಯಸ್ಸಿದೆ, ಬೇರೆ ಕಡೆ ಸಿಗುತ್ತೆ. ನಿಂಗೆ ಐವತ್ತಾಯ್ತು."

"ಐವತ್ತಾದೋರು ನಿಜ ಹೇಳಬಾರದು ಅಂತ ಕಾನೂನಿದ್ಯೇನೋ ನೀಲ್?" ಅಂದಳು ಅತ್ತೆ.

"ನಿಮಗೇನತ್ತೆ, ಪೆನ್ಷನ್ ಬರುತ್ತೆ. ಮಾತಾಡ್ತೀರಿ."

ಅವನು ಹೇಳಿದ್ದು ಸುಳ್ಳಲ್ಲ. ಬೆರಿಲ್ ತನ್ನ ಕಾಗದವನ್ನು ಮಡಿಸತೊಡಗಿದಳು. ಬ್ರಯನಿ ಅಲ್ಲೇ ಕೂತು ಚಿತ್ರಗಳನ್ನು ಒಂದೊಂದಾಗಿ ಅಳಿಸಿದಳು. ಪ್ಯಾಡಿನ ವಿಡಿಯೋವನ್ನೂ ಅಳಿಸಿದಳು. ಅಷ್ಟರಲ್ಲಿ ಅದನ್ನು ಎಷ್ಟು ಹುಡುಗಿಯರು ಕಲಿತಿದ್ದರೋ.

ಶನಿವಾರ ತಾಯಿ ಮಗಳು ವಿಯೋರಿಕಾಳನ್ನು ಕಾಣಲು ಹೋದರು. ಗೇನರ್ ಒಬ್ಬಳೇ ಹೊರಟಿದ್ದಳು. ಬ್ರಯನಿ ಕೇಕಿನ ಡಬ್ಬಿ ಹಿಡಿದು ಹಿಂದೆಯೇ ಬಂದಳು. ಕ್ಷೌರದಂಗಡಿಯ ಮೇಲಿನ ಒಂದು ಕೋಣೆಯಲ್ಲಿ ವಿಯೋರಿಕಾ ತನ್ನ ಪುಟ್ಟ ಮಗಳೊಂದಿಗೆ ಇದ್ದಳು. ಕೋಣೆಯೂ ಕೆಲಸ ಕೊಡಿಸಿದ ಏಜೆನ್ಸಿಯವರದೇ. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ. ತಿಂಗಳ ಕೊನೆಗೆ ಬಿಡಬೇಕೆಂದು ಹೇಳಿ ಹೋಗಿದ್ದರು. ಗೋಡೆಗೆ ಒರಗಿಸಿದ ಸೂಟ್‌ಕೇಸಿನ ಬಾಯಿ ತೆರೆದಿತ್ತು.

ಬಂದವರಿಗೆ ಅವಳು ಊಟ ಹಾಕದೆ ಬಿಡಲಿಲ್ಲ. ದೊಣ್ಣೆಮೆಣಸಿನಕಾಯಿಗೆ ಅನ್ನ ಮಾಂಸ ತುಂಬಿ ಬೇಯಿಸಿದ್ದಳು. ಬ್ರಯನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿನ್ನ ವಿಡಿಯೋ ನೋಡಿಯೇ ಸ್ಕಾರ್ಫ್ ಕಟ್ಟುವುದು ಕಲಿತೆ, ನಮ್ಮಂಥವರಿಗೆ ಅದು ಬಹಳ ಉಪಕಾರ ಎಂದು ಹೊಗಳಿದಳು. ಬ್ರಯನಿ ಅನ್ನವನ್ನು ತಟ್ಟೆಯ ಅಂಚಿಗೆ ತಳ್ಳುತ್ತ ಕೂತಳು.

ಮಡಿಸುವಾಗ ತಾನೂ ಒಳಗೆ ನೋಡಬೇಕಿತ್ತು, ಅವಸರದಲ್ಲಿ ಬಿಟ್ಟೆ ಎಂದು ವಿಯೋರಿಕಾ ತನ್ನನ್ನೇ ಬೈದುಕೊಂಡಳು. ಆಮೇಲೆ, ಕಾಫಿ ಬಗ್ಗಿಸುತ್ತ, ಹಾಗೇ ಕೇಳುವವಳಂತೆ ಕೇಳಿದಳು:

"ನೀನು ತೆರೆದಾಗ ನಿಂಗೇನೂ ಕಾಣಲಿಲ್ಲ, ಅಲ್ವಾ ಗೇನರ್?"

"ಇಲ್ಲ," ಎಂದಳು ಗೇನರ್. "ಏನೂ ಕಾಣಲಿಲ್ಲ."

"ಹಂಗಾದ್ರೆ ನಿಂದೇನು ತಪ್ಪು? ಯಾಕೆ ಅಳ್ತೀಯ? ಸುಮ್ನಿರು." ವಿಯೋರಿಕಾ ಅವಳ ಬೆನ್ನು ಸವರಿದಳು.

ಬಸ್ಸಿನಲ್ಲಿ ತಾಯಿ ಮಗಳು ಬೇರೆ ಬೇರೆ ಸೀಟಿನಲ್ಲಿ ಕೂತರು. ಇಳಿದು ಬೀದಿಯಲ್ಲಿ ನಡೆಯುವಾಗ ಬ್ರಯನಿ, ತಾನೇ ಗೋಡೌನಿಗೆ ಬಂದು ಹೇಳುವುದಾಗಿ ಅಂದಳು. ಗೇಟಿನೊಳಗೆ ನಿನ್ನನ್ನು ಬಿಡುವವರು ಯಾರು ಎಂದು ಗೇನರ್ ಕೇಳಿದಳು.

ಭಾನುವಾರ ಬ್ರಯನಿ ಆ್ಯಪಿನವರ ಸಹಾಯದ ನಂಬರಿಗೆ ಫೋನು ಮಾಡಿದಳು. ಹಾಡು ಕೇಳಿ ಕೇಳಿ ಕಾದ ಮೇಲೆ, ಕೊನೆಗೆ ಒಬ್ಬ ಹುಡುಗಿ ಸಿಕ್ಕಳು. ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದ ಅಜ್ಜಿಗೂ ಅಪ್ಪನಿಗೂ ಕೇಳುವಂತೆಯೇ ಬ್ರಯನಿ ಎಲ್ಲ ಹೇಳಿದಳು: ಆ ಉಡುಪು ತೊಟ್ಟದ್ದು ನಾನು, ತೊಟ್ಟಿಲ್ಲ ಎಂದು ಸುಳ್ಳು ಹೇಳಿದ್ದು ನಾನು, ಪ್ಯಾಡು ನನ್ನದು, ಮಡಿಸಿದ ಹೆಂಗಸಿನದು ತಪ್ಪಲ್ಲ. ಅತ್ತ ಕೀಲಿಮಣೆ ಒತ್ತುವ ಸದ್ದು ಕೇಳಿಸಿತು. ನಿಮ್ಮ ದುಡ್ಡು ವಾಪಸಾಗಿದೆ, ಆ ವ್ಯವಹಾರ ಮುಗಿದಿದೆ ಮೇಡಂ ಎಂದು ಹುಡುಗಿ ಹೇಳಿದಳು. ಗೋಡೌನು ತಮ್ಮದಲ್ಲ, ಬೇರೆಯವರಿಗೆ ಗುತ್ತಿಗೆ ಕೊಟ್ಟದ್ದು, ಅಲ್ಲಿಯ ಕೆಲಸದವರ ವಿಚಾರ ತಮಗೆ ಬರುವುದಿಲ್ಲ ಅಂದಳು. ನಾನು ಮೋಸ ಮಾಡಿದ್ದೇನೆ, ದುಡ್ಡನ್ನಾದರೂ ವಾಪಸು ತೆಗೆದುಕೊಳ್ಳಿ ಎಂದು ಬ್ರಯನಿ ಬೇಡಿದಳು. ಅದಕ್ಕೆ ತಮ್ಮಲ್ಲಿ ದಾರಿಯಿಲ್ಲ ಎಂದು ಹುಡುಗಿ ಕ್ಷಮೆ ಕೇಳಿದಳು. ನಿಮಗೆ ಬೇಸರವಾದದ್ದಕ್ಕೆ ಮುಂದಿನ ಖರೀದಿಯಲ್ಲಿ ಬೆಲೆ ಇಳಿಸಿದ್ದೇವೆ, ಕೂಪನ್ನು ಈಗಲೇ ಬರುತ್ತದೆ ಅಂದಳು. ಬಂತು ಕೂಡ. ಫೋನು ಟಿಂಗ್ ಎಂದಿತು.

ಬೆರಿಲ್ ಬಟಾಣಿ ಸಿಪ್ಪೆಯನ್ನು ಬುಟ್ಟಿಗೆ ತಳ್ಳಿದಳು. "ತಪ್ಪು ಮಾಡಿದೋಳಿಗೆ ಇನಾಮು," ಅಂದಳು. "ಹೊಸ ವ್ಯಾಪಾರ."

ಗೇನರ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಮಗಳು ಅವಳತ್ತ ತಿರುಗಿದರೂ ಮುಖ ನೋಡಲಾಗಲಿಲ್ಲ.

"ನಾನು ಮಾಡಿದ್ದನ್ನ ಸರಿ ಮಾಡೋಕೆ ನಿನ್ನ ಬಾಯೊಂದೇ ದಾರಿ ಅಮ್ಮ. ಹೇಳು ಅಂತ ಕೇಳೋ ಮುಖ ನಂಗಿಲ್ಲ."

"ಹಂಗಾದ್ರೆ ಕೇಳಬೇಡ," ಎಂದು ಗೇನರ್ ಒಣಗಿದ ಬಟ್ಟೆಯನ್ನು ಕೆಳಗಿಳಿಸಲು ಹಗ್ಗ ಬಿಚ್ಚಿದಳು. ಸೋಮವಾರ ತಲೆನೋವೆಂದು ರಜೆ ಹಾಕಿ ಮನೆಯಲ್ಲೇ ಇರು ಎಂದು ನೀಲ್ ಹೆಂಡತಿಗೆ ಬುದ್ಧಿ ಹೇಳಿದ. ಅವಳು ಬಟ್ಟೆ ಮಡಿಸುತ್ತಲೇ ಇದ್ದಳು.

ಸೋಮವಾರ ಅವಳು ಎಂದಿನ ಬಸ್ಸಿಗೇ ಹೋದಳು. ಗೋಡೌನಿನಲ್ಲಿ ಹೊಸದಾಗಿ ಸೇರಿದ ಹುಡುಗಿಯರನ್ನು ಅವಳ ಮೇಜಿನ ಸುತ್ತ ನಿಲ್ಲಿಸಿದ್ದರು. ಸೂಪರ್‌ವೈಸರ್ ಗ್ಯಾರೆತ್ ಫೋಟೋವನ್ನು ದೊಡ್ಡದು ಮಾಡಿ ಕಂಬಕ್ಕೆ ಅಂಟಿಸಿದ್ದ. ಬ್ರಯನಿ ಓದಿದ ಶಾಲೆಯಲ್ಲೇ ಅವಳಿಗಿಂತ ಎರಡು ವರ್ಷ ಮುಂದಿದ್ದ ಹುಡುಗ. ಗೇನರ್ ಕೆಲಸ ಬಲ್ಲವರು, ವಿಯೋರಿಕಾ ಏನು ತಪ್ಪು ಮಾಡಿದಳೆಂದು ಅವರೇ ನಿಮಗೆ ತೋರಿಸಿ ಹೇಳುತ್ತಾರೆ ಎಂದು ಅವನು ಹುಡುಗಿಯರಿಗೆ ಹೇಳಿ, ಶುರುಮಾಡಿ ಎಂಬಂತೆ ಗೇನರಳ ಕಡೆ ಕೈ ಚಾಚಿದ.

ಗೇನರ್ ಕಂಬದ ಕಡೆ ನೋಡಿದಳು. ಹುಡುಗಿಯರ ಕಡೆ ನೋಡಿದಳು. ಒಬ್ಬಳು ಆಗಲೇ ಮೂಗಿಗೆ ತೋಳು ಅಡ್ಡ ಹಿಡಿದು ನಗುತ್ತಿದ್ದಳು.

"ವಿಯೋರಿಕಾ ತಪ್ಪು ಮಾಡಲಿಲ್ಲ," ಎಂದಳು. "ಆ ಚೀಲ ತೆರೆದೋಳು ನಾನು. ಮೂಸಿದೋಳು ನಾನು. ಅದು ನನ್ನ ಮಗಳ ಮೈವಾಸನೆ. ಗೊತ್ತಾಯ್ತು ನಂಗೆ. ನಾಚಿಕೆಯಾಗಿ ಒಳಗೆ ನೋಡದೆ ಸರಿ ಅಂತ ತಳ್ಳಿದೆ. ಅವಳು ನನ್ನ ಮಾತು ನಂಬಿದಳು. ಮೊನ್ನೆ ಅವಳ ಮನೆಗೆ ಹೋಗಿ, ಅವಳ ಅನ್ನ ತಿಂದು, ಅವಳ ಮುಖಕ್ಕೇ ಇನ್ನೊಂದು ಸುಳ್ಳು ಹೇಳಿ ಬಂದೆ."

ನಗುತ್ತಿದ್ದ ಹುಡುಗಿ ತೋಳು ಇಳಿಸಿದಳು. ಗ್ಯಾರೆತ್ ಗೇನರಳನ್ನು ಬದಿಗೆ ಕರೆದು ಸಣ್ಣ ದನಿಯಲ್ಲಿ ಮಾತಾಡಿದ. ಮೇಲಿನವರಿಗೆ ಒಂದು ಹೆಸರು ಬೇಕಿತ್ತು, ಕೊಟ್ಟಾಗಿದೆ. ಈಗ ಬದಲಾಯಿಸಿದರೆ ಅವಳೂ ಬರುವುದಿಲ್ಲ, ನೀವೂ ಹೋಗುತ್ತೀರಿ. ಮನೆಯಲ್ಲಿ ಗಂಡ ಕೂತಿದ್ದಾನೆಂದು ತನಗೆ ಗೊತ್ತು ಅಂದ.

"ನೀವು ಹೇಳಿದ್ದು ನಂಗೆ ಕೇಳಿಸಲಿಲ್ಲ ಅಂತ ಇಟ್ಕೋತೀನಿ ಗೇನರ್. ನಿಮ್ಮ ಒಳ್ಳೇದಕ್ಕೇ. ಹೋಗಿ ಮೇಜಿನ ಹತ್ರ ನಿಂತ್ಕೊಳ್ಳಿ. ಬೆಲ್ಟು ಓಡ್ತಿದೆ."

ಅವಳು ಹೋಗಿ ಮೇಜಿನ ಹತ್ತಿರ ನಿಂತಳು. ಎದುರಿನ ಜಾಗ ಖಾಲಿಯಿತ್ತು. ಚೀಲಗಳು ಬಂದು ಒಂದರ ಮೇಲೊಂದು ಬೀಳತೊಡಗಿದವು. ಅಕ್ಕಪಕ್ಕದ ಮೇಜಿನವರು ತಲೆ ಎತ್ತಿದರು. ಗೇನರ್ ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಳು.

"ತೆರೀರಿ," ಎಂದ ಗ್ಯಾರೆತ್.

"ವಿಯೋರಿಕಾನ ಕರೆಸು. ನಾನು ಈಗ ಹೇಳಿದ್ದನ್ನ ಅವಳ ಎದುರಿಗೆ ಹೇಳಬೇಕು."

"ಅದಾಗಲ್ಲ ಅಂದ್ನಲ್ಲ. ತೆರೀರಿ."

"ತೆರೆಯಲ್ಲ."